ಕಮಲಾಪುರದ ಅಗಸಿ

29 ಜನವರಿ 2024, ಸೋಮವಾರ. ಬೆಳಿಗ್ಗೆ 9.20

ಬಂದ ಕೂಡಲೇ ಗ್ರಾಫ್. ಚಹಾ ಆಮೇಲೆ. ಕಮಲಾಪುರದ ಗೆರೆ ನಿನ್ನೆ ಸಂಜೆ ಆರಕ್ಕೆ ಮೇಲೇರಿದ್ದು, ಹತ್ತರವರೆಗೂ ತಲೆ ಚಪ್ಪಟೆ. ಚಪ್ಪಟೆ ಅಂದರೆ ದಾರಿ ತುಂಬಿದೆ, ಇನ್ನು ಒಂದು ಸಾಸಿವೆ ಕಾಳೂ ಹಿಡಿಸುವುದಿಲ್ಲ. ಸತತ ಒಂಬತ್ತನೇ ದಿನ. ವಿಜಯೀಂದ್ರ ಸರ್‌ಗೆ ಒಂಬತ್ತನೇ ಮೇಲ್. ನಮ್ಮ ಇಂಟರ್ನೆಟ್ ಕಂಪನಿಗೆ ಅವರೇ ಮಾಲೀಕರು, ಅವರೇ ಮ್ಯಾನೇಜರ್, ಕರೆಂಟ್ ಹೋದರೆ ಜನರೇಟರ್ ಹಚ್ಚುವವರೂ ಅವರೇ. ಮೇಲ್ ಓದುವವರು ಮಾತ್ರ ಯಾರೂ ಅಲ್ಲ.

ಸಿಟ್ಟು ಬಂತು. ಆದರೂ ಆ ಗೆರೆ ನೋಡುತ್ತಾ ಕೂತೆ. ಆರುನೂರ ಹನ್ನೆರಡು ಮನೆ. ಕಮಲಾಪುರದ ಓಣಿಓಣಿಯಿಂದ ಬಂದ ಗಾಜಿನ ಎಳೆಗಳೆಲ್ಲ ಒಂದು ಕೋಣೆಯ ಒಂದು ಡಬ್ಬಿಗೆ ಸೇರುತ್ತವೆ. ಅಲ್ಲಿಂದ ಕಲಬುರಗಿಯ ಸೇಡಂ ರಸ್ತೆಯ ಈ ಎರಡನೇ ಮಹಡಿವರೆಗೆ ಮೂವತ್ತೆಂಟು ಕಿಲೋಮೀಟರ್, ಒಂದೇ ಎಳೆ. ಕೂದಲಷ್ಟು ದಪ್ಪ. ಊರಿಗೆ ಊರೇ ಅದರೊಳಗೆ ಹಾಯ್ದು ಬರುತ್ತದೆ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಇನ್ನೂ ನಂಬಿಕೆ ಬಂದಿಲ್ಲ.

ಕಂಪನಿ ಕಾಗದದಲ್ಲಿ ಆ ಡಬ್ಬಿಗೆ ಉದ್ದದ ಇಂಗ್ಲಿಷ್ ಹೆಸರಿದೆ. ಅಲ್ಲಿ ಎಳೆ ಜೋಡಿಸುವ ಫಕ್ರುದ್ದೀನ್ ಚಾಚಾ ಅದನ್ನು ಅಗಸಿ ಅನ್ನುತ್ತಾರೆ. ಊರೊಳಗಿನ ಓಣಿಗಳೆಲ್ಲ ಬಂದು ಕೂಡುವ ಬಾಗಿಲು. ಇದಕ್ಕಿಂತ ಚೆನ್ನಾಗಿ ಯಾವ ಮ್ಯಾನುಯಲ್ಲೂ ಹೇಳಿಲ್ಲ.

4 ಫೆಬ್ರವರಿ, ಭಾನುವಾರ. ಮಧ್ಯಾಹ್ನ

ಮಾಧವಿಯ ಮೊದಲ ಪರೀಕ್ಷೆ ಕೆಟ್ಟಿತು.

ಬರೆದಿಡುತ್ತೇನೆ, ಯಾರ ಮುಂದೆ ಹೇಳಲಿ. ನನ್ನ ತಂಗಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಕೈಮಾತು ಅವಳ ಭಾಷೆ. ಈಗ ಕಮಲಾಪುರದಲ್ಲಿ ಮನೆ ಮಾಡಿ, ಸುತ್ತಲಿನ ಹನ್ನೊಂದು ಕಿವುಡ ಮಕ್ಕಳಿಗೆ ವಿಡಿಯೋದಲ್ಲಿ ಅದನ್ನೇ ಕಲಿಸುತ್ತಾಳೆ. ಊರಿನ ಶಾಲೆಯಲ್ಲಿ ಆ ಮಕ್ಕಳು ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಬರುತ್ತಾರೆ ಅಷ್ಟೇ. ಒಬ್ಬರಿಗೂ ಒಂದು ಭಾಷೆ ಅಂತ ಇರಲಿಲ್ಲ. ಕಲಬುರಗಿಯ ಒಂದು ಸಂಸ್ಥೆ ಈ ಕ್ಲಾಸಿನ ಬೆನ್ನಿಗಿದೆ. ಅಲ್ಲಿಯ ಪ್ರೇಮಕುಮಾರ ಮೂರು ಭಾನುವಾರ ಬಂದು ಅವಳ ಪಕ್ಕ ಕೂತು ನೋಡುತ್ತಾರೆ. ಮೂರರಲ್ಲಿ ಒಂದಾದರೂ ಪೂರ್ತಿ ಸರಿಯಾಗಿ ನಡೆದರೆ ಕ್ಲಾಸ್ ಉಳಿಯಿತು. ಇಲ್ಲವಾದರೆ ಮುಚ್ಚುತ್ತಾರೆ.

ಇವತ್ತು ಹತ್ತಕ್ಕೆ ಶುರು. ಕ್ರಿಕೆಟ್ ದಿನ ಬೇರೆ. ಹತ್ತೂ ಇಪ್ಪತ್ತಕ್ಕೆ ಚಿತ್ರ ನಿಂತಿತು. ಮಾಧವಿಯ ಕೈ ಗಾಳಿಯಲ್ಲಿ ಹಾಗೇ. ಕೇಳುವವರಿಗೆ ಚಿತ್ರ ನಿಂತರೂ ದನಿ ಬರುತ್ತದೆ, ಹೇಗೋ ಸಾಗುತ್ತದೆ. ಇವರಿಗೆ ಚಿತ್ರವೇ ದನಿ.

ತಮಾಷೆ ಏನೆಂದರೆ ಅವಳ ಮನೆಗೂ ಪಕ್ಕದ ಓಣಿಯ ಮಗುವಿಗೂ ಇನ್ನೂರು ಹೆಜ್ಜೆ. ಚಿತ್ರ ಮಾತ್ರ ಅಗಸಿ ದಾಟಿ, ಇಲ್ಲಿ ನನ್ನ ಕಾಲಬುಡದಲ್ಲಿ ಹಾಯ್ದು, ಮುಂಬೈಯ ಸರ್ವರಿಗೆ ಹೋಗಿ ವಾಪಸ್ ಬರಬೇಕು. ಹೋಗುವಾಗ ದಾರಿ ಖಾಲಿ. ಬರುವಾಗ ಊರೆಲ್ಲ ಮ್ಯಾಚ್ ನೋಡುತ್ತಿರುತ್ತದೆ, ಆ ಗದ್ದಲದಲ್ಲಿ ಅವಳ ಕೈ ಸಿಕ್ಕಿಬೀಳುತ್ತದೆ.

6 ಫೆಬ್ರವರಿ, ಮಂಗಳವಾರ

ಕಮಲಾಪುರಕ್ಕೆ ಹೋಗಿಬಂದೆ. ವಿಜಯೀಂದ್ರ ಸರ್ ಕೊನೆಗೆ ಮೇಲ್ ಓದಿದ್ದಾರೆ. ನಮ್ಮದೇ ಹೊಸ ಕೇಬಲ್ ಮಣ್ಣೊಳಗೆ ಇಳಿದು ಎರಡು ತಿಂಗಳಾಯಿತು, ಹನ್ನೆರಡು ಎಳೆಯದು. ಇನ್ನು ಅಗಸಿ ಬದಲಾಗುತ್ತದೆ. ಹಳೆಯದರ ಹತ್ತರಷ್ಟು ದಾರಿ. ಈಗ ಓಡುತ್ತಿರುವ ಎಳೆ ಬಾಡಿಗೆಯದು. ಮಾರ್ಚ್ ಮೂರು, ಭಾನುವಾರ ಬೆಳಿಗ್ಗೆ ಆರಕ್ಕೆ ಮಾಲೀಕರು ವಾಪಸ್ ಪಡೆಯುತ್ತಾರೆ. ಅಷ್ಟರೊಳಗೆ ನಾವು ಹೊಸದಕ್ಕೆ ದಾಟಬೇಕು.

ಮಾರ್ಚ್ ಮೂರು. ಮಾಧವಿಯ ಮೂರನೇ ಪರೀಕ್ಷೆಯೂ ಅವತ್ತೇ, ಹತ್ತು ಗಂಟೆಗೆ. ಮುಂದಕ್ಕೆ ಹಾಕಿ ಅಂತ ಪ್ರೇಮಕುಮಾರರಿಗೆ ಫೋನ್ ಮಾಡಿದೆ. ಆಗುವುದಿಲ್ಲ ಎಂದರು. ಇರಲಿ, ನಾಲ್ಕು ಗಂಟೆ ಕೈಯಲ್ಲಿರುತ್ತದೆ.

ಕೋಣೆ ಬಸ್ ಸ್ಟ್ಯಾಂಡಿನ ಹಿಂದೆ. ಹೊರಗೆ ಕೆಂಪು ಬಾಳೆಗೊನೆಗಳ ಗಾಡಿ, ಒಳಗೆ ಫ್ಯಾನಿನ ಸದ್ದು. ಫಕ್ರುದ್ದೀನ್ ಚಾಚಾಗೆ ಅರವತ್ತೊಂದು. ಟೆಲಿಫೋನ್ ಇಲಾಖೆಯಲ್ಲಿ ಮೂವತ್ತು ವರ್ಷ ತಾಮ್ರದ ತಂತಿ ಕೂಡಿಸಿ, ರಿಟೈರ್ ಆದ ಮೇಲೆ ಗಾಜಿನ ಎಳೆ ಕೂಡಿಸುವುದು ಕಲಿತವರು. ಕೀಲಿ ಒತ್ತುವ ಹಳೆಯ ಫೋನ್. ದಪ್ಪ ಕನ್ನಡಕ. ಎಳೆಯ ತುದಿ ಕತ್ತರಿಸುವಾಗ ಉಸಿರು ಹಿಡಿಯುತ್ತಾರೆ, ನಾನೂ ಹಿಡಿದೆ.

ಅಗಸಿಯ ಒಂದೊಂದು ಪೋರ್ಟಿಗೆ ನಲವತ್ತರ ಹತ್ತಿರ ಮನೆ. ಎಲ್ಲರೂ ಒಟ್ಟಿಗೆ ಬೆಳಕು ಕಳಿಸಿದರೆ ಎಲ್ಲ ಕಲಸಿಹೋಗುತ್ತದೆ. ಅದಕ್ಕೆ ಡಬ್ಬಿ ಪಾಳಿ ಹಚ್ಚುತ್ತದೆ — ಈಗ ನೀನು, ಈಗ ನೀನು. ಕಣ್ಣು ಮಿಟುಕಿಸುವಷ್ಟರಲ್ಲಿ ನಲವತ್ತೂ ಮನೆಗೆ ಎಷ್ಟೋ ಸಲ ಪಾಳಿ ಬಂದುಹೋಗಿರುತ್ತದೆ. ದೂರದ ಮನೆಯ ಬೆಳಕು ತಡವಾಗಿ ಬರುತ್ತದೆಂದು ಅದಕ್ಕೆ ಗೊತ್ತು, ಅಷ್ಟು ಮುಂಚೆಯೇ ಕರೆಯುತ್ತದೆ. ಬಾಳೆ ತೋಟದ ಅಂಚಿನ ಶಾರದಾಬಾಯಿಯ ಮನೆ ಎಲ್ಲಕ್ಕಿಂತ ದೂರ. ಅವರ ಮಗಳು ಮಲ್ಲಿಕಾ, ಒಂಬತ್ತು ವರ್ಷ, ಮಾಧವಿಯ ಕ್ಲಾಸಿನವಳು. ಆ ಮಗುವಿಗೂ ಎಲ್ಲರಷ್ಟೇ ಪಾಳಿ. ಯಾವ ಪಂಕ್ತಿಯಲ್ಲಿ ಇಷ್ಟು ನ್ಯಾಯವಾಗಿ ಬಡಿಸಿದ್ದಾರೆ, ನಾನಂತೂ ನೋಡಿಲ್ಲ.

14 ಫೆಬ್ರವರಿ, ಬುಧವಾರ

ಎಡವಟ್ಟು. ಎಳೆಗಳನ್ನು ಬಣ್ಣದಿಂದ ಗುರುತಿಸುವುದು, ಹನ್ನೆರಡು ಎಳೆಗೆ ಹನ್ನೆರಡು ಬಣ್ಣ. ಟೆಸ್ಟ್ ಮಾಡುವಾಗ ಚಾಚಾ ಫೋನಿನಲ್ಲಿ ಗ್ರೇ ಅಂದರು. ಫ್ಯಾನಿನ ಸದ್ದಿನಲ್ಲಿ ನನಗೆ ಗ್ರೀನ್ ಅಂತ ಕೇಳಿತು. ಅರ್ಧ ದಿನ ಹಾಳು.

ಸಿಟ್ಟಿನಲ್ಲಿ ಆರ್ಡರ್ ಹೊರಡಿಸಿದೆ: ಇನ್ನು ಮೇಲೆ ಬಣ್ಣ ಕನ್ನಡದಲ್ಲೇ ಹೇಳಬೇಕು. ಬೂದಿ ಅಂದರೆ ಬೂದಿ, ಹಸಿರು ಅಂದರೆ ಹಸಿರು. ಚಾಚಾ ಆಗಲಿ ಎಂದರು. ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಒಂದು ಪ್ಲೇಟ್ ಮಿರ್ಚಿ ತರಿಸಿ ತಿಂದೆ.

18 ಫೆಬ್ರವರಿ, ಭಾನುವಾರ

ಎರಡನೆಯದೂ ಹೋಯಿತು.

ಅದಕ್ಕಿಂತ ಕೆಟ್ಟದ್ದು ಬೇರೆ ಇದೆ. ಮಾಧವಿ ಮಧ್ಯಾಹ್ನದ ಬಸ್ಸಿಗೆ ಇಲ್ಲಿ ಶಹಾಬಜಾರದ ನನ್ನ ಮನೆಗೆ ಬಂದಳು. ಊಟ ಬೇಡ ಎಂದಳು. ಕೈ ಎತ್ತಿ ಒಂದು ಮಾತು ಮಾಡಿ ತೋರಿಸಿದಳು — ನೀರು. ಆಮೇಲೆ, ಮಲ್ಲಿಕಾ ಹೇಗೆ ಮಾಡುತ್ತಾಳೆ ನೋಡು ಅಂತ ಮತ್ತೆ ಮಾಡಿದಳು. ಕೈ ಅರ್ಧಕ್ಕೆ ಹೋಗಿ ನಿಂತಿತು. ಒಂದು ಗಳಿಗೆ ಹಾಗೇ. ಆಮೇಲೆ ಗಕ್ಕನೆ ಮುಂದಕ್ಕೆ ಹಾರಿತು.

ನನಗೆ ತಿಳಿಯಲು ಹೊತ್ತು ಹಿಡಿಯಿತು. ತಿಳಿದ ಮೇಲೆ ಕೂತುಬಿಟ್ಟೆ. ಮಕ್ಕಳು ಚಿತ್ರ ನಿಲ್ಲುವುದನ್ನೂ ಮಾತಿನ ಒಂದು ಭಾಗ ಅಂದುಕೊಂಡಿದ್ದಾರೆ. ಟೀಚರ್ ಕೈ ನಿಲ್ಲುತ್ತದೆ, ಹಾಗಾದರೆ ಮಾತು ಅಂದರೆ ಹೀಗೇ. ಹನ್ನೊಂದರಲ್ಲಿ ಏಳು ಮಕ್ಕಳು ಹಾಗೆ ಮಾಡುತ್ತಾರಂತೆ. ನನ್ನ ಈ ಎಳೆಯ ಉಗ್ಗು ಆ ಮಕ್ಕಳ ಕೈಗೆ ಅಂಟಿದೆ.

ಅವಳು ಅಳಲಿಲ್ಲ. ಅತ್ತವಳು ನಾನು.

2 ಮಾರ್ಚ್, ಶನಿವಾರ. ಸಂಜೆ

ಎಲ್ಲ ಸಿದ್ಧ. ಕಪಾಟಿನಲ್ಲಿ ಒಂದೇ ಡಬ್ಬಿಗೆ ಜಾಗ, ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಬೇಕು. ಹಿಂದಕ್ಕೆ ದಾರಿ ಇಲ್ಲ. ನಾಳೆ ಐದಕ್ಕೆ ಚಾಚಾ ಅಲ್ಲಿ, ನಾನು ಇಲ್ಲಿ. ಅವರು ಯಾವ ಎಳೆಗೆ ಕೂಡಿಸುತ್ತಾರೋ ಅದನ್ನೇ ನಾನು ಈ ಕಡೆ ಹಚ್ಚಬೇಕು, ಅಷ್ಟೇ ಕೆಲಸ. ಒಂದೇ ಎಳೆಯಲ್ಲಿ ಹೋಗುವ ಬೆಳಕಿಗೆ ಒಂದು ಬಣ್ಣ, ಬರುವುದಕ್ಕೆ ಇನ್ನೊಂದು. ಎದುರುಬದುರು ಹಾಯುತ್ತವೆ, ಒಂದಕ್ಕೊಂದು ತಾಕುವುದಿಲ್ಲ. ನೆನೆಸಿದರೆ ಮೈ ಜುಮ್ಮೆನ್ನುತ್ತದೆ.

3 ಮಾರ್ಚ್, ಭಾನುವಾರ. ಬೆಳಿಗ್ಗೆ 5.40

ಹಳೆಯ ಡಬ್ಬಿ ಕೆಳಗಿಳಿಯಿತು. ಊರು ಪೂರ್ತಿ ಕತ್ತಲು — ನನ್ನ ಸ್ಕ್ರೀನಿನ ಮಟ್ಟಿಗೆ. ಚಾಚಾ ಫೋನ್: ಕೆಂಪು ಎಳೆಗೆ ಕೂಡಿಸಿದ್ದೇನೆ. ಕೆಂಪು ಅಂದರೆ ಏಳನೆಯದು. ಹಚ್ಚಿದೆ.

6.25

ಬೆಳಕಿಲ್ಲ.

7.10

ಎಳೆಯ ಉದ್ದ ಅಳೆಯುವ ಯಂತ್ರ ಹಚ್ಚಿದೆ. ಎಳೆ ಕಮಲಾಪುರದ ಕೋಣೆಯವರೆಗೆ ಚೊಕ್ಕಟ, ಅಲ್ಲಿಗೆ ಕೊನೆ. ಅಂದರೆ ಕೂಡಿಸಿದ್ದು ಸರಿಯಾಗಿಲ್ಲ. ಮತ್ತೆ ಕೂಡಿಸಿ ಎಂದೆ. ಕೂಡಿಸಿದರು. ಯಂತ್ರದಲ್ಲಿ ಅದೇ ಗೆರೆ, ಅದೇ ಕೊನೆ. ಬಾಡಿಗೆ ಎಳೆ ಆರಕ್ಕೇ ಹೋಯಿತು.

8.15

ಮೂರನೇ ಸಲ. ಅದೇ. ಆಫೀಸ್ ಫೋನ್ ಬಡಿದುಕೊಳ್ಳುತ್ತಿದೆ, ಭಾನುವಾರ ಬೆಳಿಗ್ಗೆಯೇ ಎಲ್ಲರಿಗೂ ಎಚ್ಚರ. ನಾನು ಚಾಚಾಗೆ ಅನ್ನಬಾರದ್ದು ಅಂದೆ. ನಿಮ್ಮ ಕಣ್ಣು ಮಂಜಾಗಿದೆ, ಬೇರೆಯವರನ್ನು ಕಳಿಸಬೇಕಿತ್ತು ಅಂದೆ. ಚಾಚಾ ಮೆಲ್ಲಗೆ ಹೇಳಿದರು.

"ಕಣ್ಣ ಚಲೋ ಅದಾವ್ರಿ ಮೃದುಲಾಬಾಯಿ. ಕೆಂಪಿಗೇ ಕೂಡಿಸೀನಿ, ಅಲ್ಲಾನ ಕಸಂ."

ಇನ್ನು ಒಂದೂ ಮುಕ್ಕಾಲು ತಾಸು.

9.05

ಮೋಡೆಮಿನಲ್ಲಿ ಕೆಂಪು ದೀಪ ನೋಡಿ ಮಾಧವಿ ತಾನೇ ಅಗಸಿಯ ಕೋಣೆಗೆ ಓಡಿದ್ದಾಳೆ. ತನ್ನ ಮೊಬೈಲಿನ ಸಿಗ್ನಲ್ಲಿನಿಂದ ನನಗೆ ವಿಡಿಯೋ ಕಾಲ್ ಮಾಡಿದಳು. ಒಡೆದೊಡೆದು ಬರುವ ಚಿತ್ರ. ಏನಾಯಿತು ಎಂದಳು. ಎಳೆ ತೋರಿಸು ಎಂದೆ. ಚಾಚಾ ಕೂಡಿಸಿದ ಜಾಗಕ್ಕೆ ಕ್ಯಾಮೆರಾ ಹಿಡಿದಳು. ಎಲ್ಲ ಮಸುಕು, ಬಣ್ಣ ಗೊತ್ತಾಗಲಿಲ್ಲ.

ಕೆಂಪೇ ತಾನೇ ಎಂದು ಕೇಳಿದೆ. ಹಣೆಗೆ ಬೆರಳು ಇಟ್ಟೆ, ಕುಂಕುಮ — ಸಣ್ಣಂದಿನಲ್ಲಿ ನಾವಿಬ್ಬರೇ ಕಟ್ಟಿಕೊಂಡ ಕೈಮಾತಿನಲ್ಲಿ ಕೆಂಪಿಗೆ ಅದೇ.

ಮಾಧವಿ ತಲೆ ಅಲ್ಲಾಡಿಸಿದಳು. ಅಂಗೈಯಲ್ಲಿ ಉಂಡೆ ಕಟ್ಟಿ ಬಾಯಿಗೆ ಒಯ್ದಳು.

ಬೆಲ್ಲ.

ಬೆಲ್ಲದ ಬಣ್ಣ. ಬ್ರೌನ್. ಏಳನೆಯದಲ್ಲ, ನಾಲ್ಕನೆಯದು. ಪುಸ್ತಕದಲ್ಲಿ ಕಂದು ಅಂತ ಇದೆ, ನಮ್ಮ ಕಡೆಯ ಆಡುಮಾತಿನಲ್ಲಿ ಬ್ರೌನಿಗೆ ಮಾತು ಎಲ್ಲಿದೆ? ಆ ಬಣ್ಣದ ಆಕಳಿಗೆ ಕೆಂದ ಅನ್ನುತ್ತೇವೆ, ಆ ಬಣ್ಣದ ಮಣ್ಣಿಗೆ ಕೆಂಪು ಮಣ್ಣು. ಕನ್ನಡದಲ್ಲೇ ಹೇಳಿ ಅಂತ ಆರ್ಡರ್ ಮಾಡಿದವಳು ನಾನು. ಅವರು ಕನ್ನಡದಲ್ಲೇ ಹೇಳಿದರು. ಮೂರು ಸಲವೂ ಸರಿಯಾಗಿಯೇ ಕೂಡಿಸಿದ್ದರು. ನಾನು ಇಲ್ಲಿ ಏಳನೆಯದಕ್ಕೆ ಕಣ್ಣು ನೆಟ್ಟು, ಯಾರೂ ಇಲ್ಲದ ದಾರಿಗೆ ದೀಪ ಹಿಡಿದು ಕೂತಿದ್ದೆ.

ಏಳರಿಂದ ಕಿತ್ತು ನಾಲ್ಕಕ್ಕೆ ಹಚ್ಚಿದೆ. ಬೆಳಕು ಬಂತು.

9.30

ಹೇಗೆ ಬರೆಯಲಿ. ಅಗಸಿ ಒಂದೊಂದೇ ಮನೆಯನ್ನು ಕೂಗಿ ಕರೆಯಿತು. ಸ್ಕ್ರೀನಿನಲ್ಲಿ ಒಂದು, ಮೂರು, ಹದಿನೇಳು. ಎಷ್ಟು ದೂರ ಇದ್ದೀಯ ಅಂತ ಪ್ರತಿಯೊಂದನ್ನೂ ಕೇಳಿ, ಅಳೆದು, ಪಾಳಿ ಹಚ್ಚಿ ಒಳಗೆ ಬಿಟ್ಟಿತು. ನೂರ ನಲವತ್ತು. ಮುನ್ನೂರು. ನಾನು ನಿಂತೇ ಇದ್ದೆ, ಕುರ್ಚಿ ಹಿಂದೆಯೇ ಇತ್ತು. ಐನೂರ ತೊಂಬತ್ತು ದಾಟಿದ ಮೇಲೆ ನಿಧಾನ. ಕೊನೆಗೆ ತೋಟದ ಅಂಚಿನ ಮನೆ. ಆರುನೂರ ಹನ್ನೆರಡು. ಒಂದು ಇಡೀ ಊರು ಹಾಜರಿ ಹೇಳುವುದನ್ನು ನಾನು ಕಣ್ಣಾರೆ ನೋಡಿದೆ. ದೇವರ ಮುಂದೆ ನಿಂತಾಗಲೂ ನನಗೆ ಹೀಗೆ ಆಗಿಲ್ಲ, ಸುಳ್ಳೇಕೆ ಹೇಳಲಿ.

ಸಂಜೆ 4

ಹತ್ತರಿಂದ ಹನ್ನೊಂದೂವರೆ. ಒಂದು ಸಲವೂ ನಿಲ್ಲಲಿಲ್ಲ. ನಾನು ಕ್ಲಾಸಿನ ಮೂಲೆಯಲ್ಲಿ ಕ್ಯಾಮೆರಾ ಮುಚ್ಚಿ ಕೂತಿದ್ದೆ. ಮಾಧವಿ ನೀರಿನಿಂದಲೇ ಶುರು ಮಾಡಿದಳು. ಕೈ ಇಳಿಯಿತು, ತಡೆಯಿಲ್ಲದೆ. ಮಲ್ಲಿಕಾ ತನ್ನ ಹಳೆಯ ರೀತಿಯಲ್ಲೇ ಮಾಡಿದಳು, ಅರ್ಧಕ್ಕೆ ನಿಲ್ಲಿಸಿ. ಮಾಧವಿ ಮತ್ತೆ ತೋರಿಸಿದಳು. ಮಗು ಸ್ಕ್ರೀನಿಗೆ ಮುಖ ಹತ್ತಿರ ತಂದು ನೋಡಿತು. ಐದನೆಯ ಸಲಕ್ಕೆ ಅವಳ ಕೈಯೂ ನಿಲ್ಲದೆ ಹರಿಯಿತು. ಅವಳಿಗೇ ಅಚ್ಚರಿ, ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಪ್ರೇಮಕುಮಾರ ಸಹಿ ಹಾಕಿದರಂತೆ. ಕ್ಲಾಸ್ ಉಳಿಯಿತು. ವಿಜಯೀಂದ್ರ ಸರ್‌ಗೆ ನನ್ನ ತಪ್ಪನ್ನು ಬರೆದು ಮೇಲ್ ಹಾಕಿದ್ದೇನೆ. ಇದನ್ನು ಮಾತ್ರ ತಪ್ಪದೆ ಓದುತ್ತಾರೆ.

4 ಮಾರ್ಚ್, ಸೋಮವಾರ

ಕಮಲಾಪುರಕ್ಕೆ ಹೋದೆ. ಚಾಚಾ ಕೋಣೆಯ ಕಟ್ಟೆಯ ಮೇಲೆ ಕೂತು ಹಳೆಯ ಡಬ್ಬಿಯ ಧೂಳು ಒರೆಸುತ್ತಿದ್ದರು. ನಿನ್ನೆ ಕಣ್ಣಿನ ಬಗ್ಗೆ ಅಂದದ್ದು ತಪ್ಪು, ಮಂಜಾಗಿದ್ದು ನನ್ನ ಬುದ್ಧಿ ಎಂದೆ. ಅವರು ಒರೆಸುವುದನ್ನು ನಿಲ್ಲಿಸಲಿಲ್ಲ.

"ನಿಮ್ಮ ತಂಗಿ ಬಂದು ಎಳಿ ನೋಡಿದಳ್ರಿ, ನನ್ನ ಮಾರಿ ನೋಡಿದಳು, ಆಮ್ಯಾಲ ನನ್ನ ಕೈ ಮ್ಯಾಲ ಕೈ ಇಟ್ಟಳು. ಅಷ್ಟರಾಗ ನಂದು ಆರಾಮಾತು. ಬಿಡ್ರಿ ಈಗ."

ನನಗೆ ನಾಚಿಕೆಯಾಯಿತು. ಮೂರು ತಾಸು ಅವರ ಕಿವಿಗೆ ನಾನು ಸುರಿದದ್ದನ್ನು ಅವಳು ಒಂದು ಕೈಯಿಂದ ಇಳಿಸಿದ್ದಾಳೆ. ಬಣ್ಣದ ಆರ್ಡರ್ ರದ್ದು ಮಾಡಿದೆ. ಇನ್ನು ಬಣ್ಣ ಬೇಡ, ನಂಬರ್ ಹೇಳೋಣ ಎಂದೆ. ಒಪ್ಪಿದರು. ಚಹಾ ಅವರೇ ತರಿಸಿದರು, ನನ್ನ ಕಪ್ಪಿಗೆ ಸಕ್ಕರೆ ಜಾಸ್ತಿ ಹಾಕಿಸಿದರು.

27 ಮಾರ್ಚ್, ಬುಧವಾರ. ಬೆಳಿಗ್ಗೆ 8

ಮೂರು ವಾರ ಏನೂ ಬರೆದಿಲ್ಲ. ಗ್ರಾಫ್ ಈಗ ಗುಡ್ಡದ ಹಾಗೆ ಏರಿ ಇಳಿಯುತ್ತದೆ, ಎಲ್ಲೂ ಚಪ್ಪಟೆ ಇಲ್ಲ. ಬರೆಯಲು ಏನೂ ಇರಲಿಲ್ಲ, ಇವತ್ತಿನವರೆಗೆ.

ಆಫೀಸಿಗೆ ಹೊರಡುವ ಹೊತ್ತಿಗೆ ಶಾರದಾಬಾಯಿಯ ಫೋನ್. ಮಾಧವಿಗೆ ಹೇಳುವುದೇನಿದ್ದರೂ ಅವರು ನನಗೇ ಮಾಡುತ್ತಾರೆ. ನೆಟ್ ಹೋಯಿತೇ ಎಂದು ಕೇಳಿದೆ. ನೆಟ್ ಚೆನ್ನಾಗಿದೆ, ಮಲ್ಲಿಕಾ ಎರಡು ದಿನದಿಂದ ನನ್ನ ಮುಂದೆ ನಿಂತು ಅದೇ ಅದೇ ಮಾಡುತ್ತಾಳೆ, ತಿಳಿಯಲಿಲ್ಲ ಅಂದರೆ ಕಾಲು ಅಪ್ಪಳಿಸುತ್ತಾಳೆ, ಏನೋ ಬೇಡುತ್ತಿದ್ದಾಳೆ, ನೋಡಿ ಹೇಳುತ್ತೀರಾ ಅಂದರು. ಬಟ್ಟೆ ಕೊಟ್ಟು ನೋಡಿದ್ದಾರೆ, ತಿಂಡಿ ಕೊಟ್ಟು ನೋಡಿದ್ದಾರೆ.

ವಿಡಿಯೋ ಹಚ್ಚಿಸಿದೆ. ಮಗು ಬಂದು ನಿಂತಿತು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಅವ್ವನ ಕಡೆ ಒಮ್ಮೆ ನೋಡಿ ನನ್ನ ಕಡೆ ತಿರುಗಿ ಕೈ ಎತ್ತಿದಳು. ನಿಧಾನ, ಒಂದೊಂದೇ ಮಾತು, ಬಿಡಿ ಬಿಡಿಯಾಗಿ. ನನಗೆ ಮೊದಲ ಸಲಕ್ಕೇ ತಿಳಿಯಿತು. ಆದರೂ ಮತ್ತೊಮ್ಮೆ ಮಾಡು ಎಂದೆ, ನನ್ನದು ತಪ್ಪಿರಲಿ ಎಂಬ ಆಸೆಗೆ.

ತಪ್ಪಿರಲಿಲ್ಲ.

"ಏನಂತಾಳ್ರೀ? ಏನ ಬೇಕಂತ?" ಶಾರದಾಬಾಯಿಯ ಮುಖ ಸ್ಕ್ರೀನಿನೊಳಗೆ ಬಂತು.

ಏನೂ ಬೇಡವಂತೆ, ಒಂದು ಪ್ರಶ್ನೆ ಕೇಳುತ್ತಿದ್ದಾಳೆ ಎಂದೆ. ಪ್ರಶ್ನೆಯೇ, ನನ್ನ ಮಲ್ಲಿಯೇ, ಅಂತ ಅವರು ನಕ್ಕರು. ಎಷ್ಟು ಹೆಮ್ಮೆ ಆ ನಗುವಿನಲ್ಲಿ. ನಾನು ಮುಂದಿನದನ್ನು ನುಂಗಿಬಿಡಬಹುದಿತ್ತು. ಬೇರೆ ಏನೋ ಹೇಳಬಹುದಿತ್ತು. ಯಾರಿಗೆ ಗೊತ್ತಾಗುತ್ತಿತ್ತು? ಆದರೆ ಮಗು ನನ್ನ ತುಟಿಯನ್ನೇ ನೋಡುತ್ತಿತ್ತು.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಅವ್ವಾ, ಇಷ್ಟ ದಿನಾ ನೀ ನನ್ನ ಕೂಡ ಯಾಕ ಮಾತಾಡಲಿಲ್ಲ — ಅಂತ ಕೇಳಾಕತ್ತಾಳ್ರೀ."

ಶಾರದಾಬಾಯಿ ಸೆರಗು ತೆಗೆದುಕೊಂಡು ಬಾಯಿಗೆ ಹಿಡಿದರು. ಮಗು ಕಾಯುತ್ತಾ ನಿಂತಿತು. ಎಲ್ಲೋ ತೋಟದಲ್ಲಿ ಮೋಟರ್ ಶುರುವಾಗಿ ನಿಂತದ್ದು ನನಗೂ ಅವರಿಗೂ ಕೇಳಿತು.

"ನನಗ ಗೊತ್ತಿರಲಿಲ್ಲ ಅನ್ನಾಕ," ಎಂದರು, "ಕೈ ಹೆಂಗ ಮಾಡಬೇಕ್ರೀ?"

ತೋರಿಸಿದೆ. ಅವರು ಸೆರಗು ಬಿಟ್ಟರು. ಮಗಳ ಕಡೆ ತಿರುಗಿ ಮಾಡಿದರು, ಬೆರಳು ತಪ್ಪಿತು. ಮಲ್ಲಿಕಾ ಅವ್ವನ ಬೆರಳು ಹಿಡಿದು ಸರಿ ಮಾಡಿದಳು. ಅವರು ಮತ್ತೆ ಮಾಡಿದರು, ಈ ಸಲ ಕೈ ಅರ್ಧಕ್ಕೆ ನಿಲ್ಲಲಿಲ್ಲ.